ಶನಿವಾರದ ಮಸಾಲೆ ದೋಸೆ

ಎಪ್ಪತ್ತೆಂಟನೇ ಇಸವಿಯಲ್ಲಿ ಜರಗನಹಳ್ಳಿ ಇನ್ನೂ ಹಳ್ಳಿಯೇ ಆಗಿತ್ತು. ಕನಕಪುರ ರಸ್ತೆಯ ಎರಡೂ ಕಡೆ ರಾಗಿ ಹೊಲ, ಅಲ್ಲಲ್ಲಿ ಹೂವಿನ ತೋಟ. ಮಾರ್ಕೆಟ್ಟಿಗೆ ಹೋಗುವ ಬಸ್ಸು ಬಂತೆಂದರೆ ಬಸ್ಸಿಗಿಂತ ಮೊದಲು ಅದರ ಸದ್ದು ಊರಿಗೆಲ್ಲ ಕೇಳುತ್ತಿತ್ತು. ಆ ಬಸ್ಸಿನಲ್ಲೇ ರುದ್ರಮ್ಮ ದಿನಾ ಲಾಲ್‌ಬಾಗಿಗೆ ಹೋಗಿ ಸಸಿ ನೆಡುವ, ಕಳೆ ಕೀಳುವ ಕೆಲಸ ಮಾಡಿ ಬರುತ್ತಿದ್ದಳು. ಅವಳ ಗಂಡ ಪಾಪಯ್ಯ ಜಯನಗರದ ಒಂದು ಕಾಲೇಜಿನಲ್ಲಿ ಅಟೆಂಡರ್.

ಪಾಪಯ್ಯನಿಗೆ ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಇದ್ದ ಚಟ ಒಂದೇ. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಹೆಂಡತಿಯನ್ನು ಕರೆದುಕೊಂಡು ಹೋಟೆಲಿಗೆ ಹೋಗಬೇಕು. ಹನುಮಂತನಗರದಲ್ಲಿ ಗುಡ್ಡದ ಕೆಳಗೆ ಸಿಗುತ್ತಿದ್ದ ಖಾಲಿ ದೋಸೆ, ಬನಶಂಕರಿ ದೇವಸ್ಥಾನದ ಹತ್ತಿರದ ಇಡ್ಲಿ ವಡೆ, ಎಲ್ಲದರ ರುಚಿಯೂ ಅವನಿಗೆ ಗೊತ್ತಿತ್ತು. ಆದರೂ ಕೊನೆಗೆ ಕಾಲು ಎಳೆಯುತ್ತಿದ್ದದ್ದು ನಾಲ್ಕನೇ ಬ್ಲಾಕಿನ ಶ್ರೀನಿಧಿ ಭವನಕ್ಕೇ. ಅಲ್ಲಿನ ಮಸಾಲೆ ದೋಸೆಯ ಹೊರಮೈ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಮಡಚಿದ ಜಾಗದಲ್ಲಿ ಕೆಂಪು ಚಟ್ನಿ, ಮೇಲೆ ಕರಗುತ್ತಾ ಜಾರುವ ಬೆಣ್ಣೆ.

ದೋಸೆಯ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಊರಿನ ಟೀ ಅಂಗಡಿಯಲ್ಲಿ ಪಾಪಯ್ಯನ ಕೇರಿಯವರಿಗೆ ಬೇರೆ ಲೋಟ. ಹೊರಗೇ ಕುಡಿದು, ತೊಳೆದು, ಸೂರಿಗೆ ಸಿಕ್ಕಿಸಿ ಬರಬೇಕು. ಶ್ರೀನಿಧಿಯಲ್ಲಿ ಯಾವ ಕೇರಿ ಎಂದು ಯಾರೂ ಕೇಳುತ್ತಿರಲಿಲ್ಲ. ಅವನು ಬೇಕೆಂದೇ ಹೋಟೆಲಿನ ನಟ್ಟನಡುವೆ, ಫ್ಯಾನಿನ ಕೆಳಗೆ ಕೂರುತ್ತಿದ್ದ. ರುದ್ರಮ್ಮ ಮಾತ್ರ ಸೆರಗು ಹೊದ್ದು, ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ತಿನ್ನುತ್ತಿದ್ದಳು.

ಅವಳ ಭಯ ಒಂದು ಶನಿವಾರ ನಿಜವಾಯಿತು. ಹೋಟೆಲು ತುಂಬಿತ್ತು. ಅವರ ಮೇಜಿನಲ್ಲಿ ಮಾತ್ರ ಎರಡು ಕುರ್ಚಿ ಖಾಲಿ. ಸಪ್ಲೈಯರ್ ಯಾರನ್ನೋ ಕರೆದ: "ಬನ್ನಿ ಸಾರ್, ಇಲ್ಲಿ ಜಾಗ ಉಂಟು."

ಬಂದವನು ಬೋರಣ್ಣ. ಜರಗನಹಳ್ಳಿಯ ಅರ್ಧ ಹೊಲ ಅವನದು. ರುದ್ರಮ್ಮ ಹನ್ನೆರಡು ವರ್ಷದವಳಿದ್ದಾಗಿನಿಂದ ಅವನ ಮನೆಯ ರಾಗಿ ಕೊಯ್ದವಳು. ತನಗೆ ಗೊತ್ತಿಲ್ಲದೆಯೇ ಅವಳು ಎದ್ದು ನಿಂತಳು.

"ಕೂತ್ಕೊಳೇ," ಪಾಪಯ್ಯ ತಟ್ಟೆಯಿಂದ ತಲೆ ಎತ್ತದೆ ಹೇಳಿದ. "ದೋಸೆ ಆರೋಯ್ತದೆ."

ಬೋರಣ್ಣ ಒಂದು ಗಳಿಗೆ ನಿಂತ. ಕುರ್ಚಿ ನೋಡಿದ, ಇವರಿಬ್ಬರನ್ನು ನೋಡಿದ. ಹೆಗಲ ಟವೆಲ್ ಸರಿಮಾಡಿಕೊಂಡು ಹೊರಗೆ ನಡೆದ. ರುದ್ರಮ್ಮ ಕೂತಳು, ತಟ್ಟೆಯನ್ನು ಗಂಡನ ಕಡೆ ಸರಿಸಿದಳು. ಪಾಪಯ್ಯ ಅವಳ ದೋಸೆಯನ್ನೂ ತಾನೇ ತಿಂದು ಮುಗಿಸಿದ.

ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಬಸ್ ಸ್ಟಾಪಿನಲ್ಲಿ ಬೋರಣ್ಣನ ಹೆಂಡತಿ ಲಕ್ಷ್ಮಮ್ಮ ಸಿಕ್ಕಳು. ಕೈಯಲ್ಲಿ ನಿಂಬೆಹಣ್ಣಿನ ಚೀಲ. ದೀಪ ಹಚ್ಚಲು ಬನಶಂಕರಿಗೆ ಹೊರಟಿದ್ದಳು.

"ಏನೇ ರುದ್ರಿ, ಹೋಟ್ಲಿಗೆ ಹೋಯ್ತೀಯಂತೆ?"

ರುದ್ರಮ್ಮ ಸೆರಗು ಎಳೆದುಕೊಂಡಳು. "ಹೂನಮ್ಮ. ಅವರು ಕರ್ಕೊಂಡೋಯ್ತಾರೆ."

ಲಕ್ಷ್ಮಮ್ಮ ಆಚೀಚೆ ನೋಡಿ ದನಿ ಇಳಿಸಿದಳು. "ಅಲ್ಲಿ ಮಸಾಲೆ ದೋಸೆ ಮಾಡ್ತಾರಂತಲ್ಲ, ಹೆಂಗಿರ್ತದೆ? ನಮ್ಮೆಜಮಾನ್ರು ವಾರಕ್ಕೊಂದಪ ತಿಂದ್ಕೊಂಡು ಬತ್ತಿದ್ರು, ಈಗ ಆ ಕಡೆ ಹೋಗಾಕಿಲ್ಲ ಅಂತಾವ್ರೆ. ನನ್ನ ಒಂದಿನಾನೂ ಕರ್ಕೊಂಡೋಗಿಲ್ಲ. ಹೆಂಗಸ್ರಿಗೆ ಯಾಕೆ ಅದೆಲ್ಲ ಅಂತಾರೆ. ನನ್ನ ಕರ್ಕೊಂಡೋಗ್ತೀಯಾ?"

ಮುಂದಿನ ಶನಿವಾರ ದೇವಸ್ಥಾನದ ಹೆಸರು ಹೇಳಿ ಲಕ್ಷ್ಮಮ್ಮ ಮನೆಯಿಂದ ಹೊರಟಳು. ರುದ್ರಮ್ಮ ಕೆಲಸ ಮುಗಿಸಿ ಹೋಟೆಲಿನ ಮುಂದೆ ಕಾಯುತ್ತಿದ್ದಳು. ಇಬ್ಬರೂ ಎದುರುಬದುರು ಕೂತರು. ಸಪ್ಲೈಯರ್ ಎರಡು ಸ್ಟೀಲ್ ಲೋಟದಲ್ಲಿ ನೀರು ತಂದು ಕುಕ್ಕಿದ.

"ಎಂತ ಕೊಡ್ಲಿ ಅಮ್ಮ?"

ಆಳುಗಳನ್ನೆಲ್ಲ ಗದರುವ ಲಕ್ಷ್ಮಮ್ಮ ಮುದುಡಿ ಕೂತಿದ್ದಳು. "ಎರಡು ಮಸಾಲೆ. ಒಂದು ಚೆನ್ನಾಗಿ ರೋಸ್ಟ್ ಆಗ್ಲಿ," ಎಂದು ರುದ್ರಮ್ಮನೇ ಹೇಳಿದಳು.

ಲಕ್ಷ್ಮಮ್ಮ ಲೋಟವನ್ನೇ ದಿಟ್ಟಿಸುತ್ತಿದ್ದಳು. "ಇಲ್ಲಿ ಎಲ್ರೂ ಇದೇ ಲೋಟದಾಗೆ ಕುಡಿಯಾದಾ?"

"ಎಲ್ರೂ ಇದ್ರಾಗೇ. ಬ್ಯಾಡ ಅಂದ್ರೆ ಎದ್ದೋಗಣ."

ಅಷ್ಟರಲ್ಲಿ ಪಕ್ಕದ ಮೇಜಿಗೆ ದೋಸೆ ಹೋಯಿತು. ತುಪ್ಪ, ಈರುಳ್ಳಿ, ಕಾದ ಕಾವಲಿಯ ಘಮ ಮೂಗಿಗೆ ಬಡಿಯಿತು. ಲಕ್ಷ್ಮಮ್ಮ ಅದನ್ನು ಕಣ್ಣಲ್ಲೇ ಹಿಂಬಾಲಿಸಿದಳು. "ಕೂತ್ಕ, ಕೂತ್ಕ," ಎಂದಳು.

ದೋಸೆ ಬಂದಾಗ ನಡುವೆಯೇ ಕೈ ಹಾಕಿ ಪಲ್ಯದ ಬಿಸಿಗೆ ಬೆರಳು ಸುಟ್ಟುಕೊಂಡಳು. "ಅಂಚಿಂದ ತಿನ್ನಬೇಕಮ್ಮ," ಎಂದು ರುದ್ರಮ್ಮ ತೋರಿಸಿಕೊಟ್ಟಳು. ತಟ್ಟೆ ಖಾಲಿಯಾದ ಮೇಲೆ ಲಕ್ಷ್ಮಮ್ಮ ನೀರಿನ ಲೋಟವನ್ನು ಪೂರ್ತಿ ಕುಡಿದು ಕೆಳಗಿಟ್ಟು, "ಈ ಮುಂಡೇದ ನಾನು ಇಷ್ಟು ವರ್ಷ ತಿಂದೇ ಇರ್ಲಿಲ್ವಲ್ಲೇ," ಎಂದಳು.

ಹೀಗೆ ತಿಂಗಳಿಗೊಂದರಂತೆ ಮೂರ್ನಾಲ್ಕು ಶನಿವಾರ ನಡೆಯಿತು. ಅವರೆಕಾಯಿ ಕಾಲ ಬಂತು. ಸೊಗಡಿನ ಕಾಯಿ ಕೊಡುತ್ತೇನೆ ಬಾ ಎಂದು ಲಕ್ಷ್ಮಮ್ಮ ಹೇಳಿಕಳಿಸಿದಳು. ರುದ್ರಮ್ಮ ಯಾವತ್ತಿನಂತೆ ಹಿತ್ತಲಿಗೆ ಹೋಗಿ ನಿಂತಳು. ಲಕ್ಷ್ಮಮ್ಮ ಮಜ್ಜಿಗೆ ತಂದವಳು, ಗೋಡೆಯ ಗೂಡಿನಲ್ಲಿದ್ದ ಹಳೇ ಅಲ್ಯೂಮಿನಿಯಂ ಬಟ್ಟಲನ್ನು ಕಣ್ಣಲ್ಲೇ ತೋರಿಸಿದಳು. ಯಾವತ್ತಿನಂತೆ ಮೇಲಿನಿಂದ ಸುರಿಯಲು ಚೊಂಬು ಎತ್ತಿದಳು. ಬೇಕೆಂದು ಮಾಡಿದ್ದಲ್ಲ, ಆ ಮನೆಯಲ್ಲಿ ಕೈ ತಾನಾಗಿಯೇ ಹಾಗೆ ಏಳುತ್ತಿತ್ತು.

ರುದ್ರಮ್ಮ ಬಟ್ಟಲು ಮುಟ್ಟಲಿಲ್ಲ. "ಬಾಯಾರಿಕೆ ಇಲ್ಲ," ಎಂದಳು. ಬೇಲಿಯ ತನಕ ನಡೆದು ಹೋದವಳು ತಿರುಗಿ ಬಂದಳು.

"ಲಕ್ಷ್ಮಮ್ಮೋರೆ," ಎಂದಳು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇನ್ಮೇಲೆ ನಾನು ಹಿತ್ಲಿಗೆ ಬರಾಕಿಲ್ಲ. ನನ್ನ ಕಾಣಬೇಕು ಅಂದ್ರೆ ಹೋಟ್ಲಿಗೆ ಬನ್ನಿ."

ಮನೆಗೆ ಬಂದು ಹೇಳಿದಾಗ ಪಾಪಯ್ಯ ಅವಳನ್ನೇ ನೋಡುತ್ತಾ ಕೂತ. "ನಾನಾಗಿದ್ರೆ ಅಷ್ಟು ಹೇಳ್ತಿರಲಿಲ್ಲ ಕಣೇ," ಎಂದ.

ಮುಂದಿನ ತಿಂಗಳ ಶನಿವಾರ ರುದ್ರಮ್ಮ ಶ್ರೀನಿಧಿಯಲ್ಲಿ ಕಾದಳು. ಲಕ್ಷ್ಮಮ್ಮ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅತಿಯಾಯಿತೇನೋ ಎಂದು ರುದ್ರಮ್ಮನಿಗೆ ಒಳಗೊಳಗೇ ಕೊರೆಯುತ್ತಿತ್ತು. ಆಡಿದ ಮಾತು ವಾಪಸು ತೆಗೆದುಕೊಳ್ಳಲು ಮಾತ್ರ ಮನಸ್ಸು ಒಪ್ಪಲಿಲ್ಲ. ಮೂರನೇ ತಿಂಗಳು ಅವಳು ಒಬ್ಬಳೇ ಕಾಫಿ ಕುಡಿಯುತ್ತಿದ್ದಾಗ ಎದುರಿನ ಕುರ್ಚಿ ಎಳೆದ ಸದ್ದಾಯಿತು. ಲಕ್ಷ್ಮಮ್ಮ ಏದುಸಿರು ಬಿಡುತ್ತಾ ಕೂತಳು.

"ಬಸ್ಸು ಲೇಟು," ಎಂದಳು.

ರುದ್ರಮ್ಮ ಕಾಫಿ ಲೋಟದಲ್ಲೇ ನಕ್ಕಳು. ಲಕ್ಷ್ಮಮ್ಮನೂ ನಕ್ಕಳು. ಕಣ್ಣು ಒರೆಸಿಕೊಂಡು, "ಎರಡು ಮಸಾಲೆ!" ಎಂದು ಅವಳೇ ಸಪ್ಲೈಯರನ್ನು ಕೂಗಿದಳು.

ಅಲ್ಲಿಂದ ಆರೇಳು ವರ್ಷ ಅವರಿಬ್ಬರ ಶನಿವಾರಗಳು ತಪ್ಪಲಿಲ್ಲ. ಜಯನಗರದ ಮರಗಳ ನೆರಳಲ್ಲಿ ಇಬ್ಬರೂ ನಡೆಯುತ್ತಿದ್ದರು. ಒಮ್ಮೆ ಹನುಮಂತನಗರಕ್ಕೆ ಹೋಗಿ ಖಾಲಿ ದೋಸೆ ತಿಂದು, ಸಾಗು ಸಪ್ಪೆ ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದರು. ಬನಶಂಕರಿಯಲ್ಲಿ ಒಬ್ಬಾಕೆ ಗಾಡಿಯಲ್ಲಿ ಮಾಡುತ್ತಿದ್ದ ಮೆಣಸಿನಕಾಯಿ ಬಜ್ಜಿ ತಿಂದು ಕಣ್ಣಲ್ಲಿ ನೀರು ಸುರಿಸಿದರು. ಪಾಪಯ್ಯ ಆಗಾಗ ಜೊತೆ ಸೇರುತ್ತಿದ್ದ. ಊರಿನಲ್ಲಿ ಎದುರಾದರೆ ಮಾತ್ರ ಇಬ್ಬರು ಹೆಂಗಸರೂ ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ಅದು ಇಬ್ಬರಿಗೂ ನೋವೇ. ಆದರೆ ಅದರ ಮಾತು ಇಬ್ಬರೂ ಎತ್ತಲಿಲ್ಲ.

ಎಂಬತ್ತೈದರಲ್ಲಿ ಲಕ್ಷ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಎರಡು ತಿಂಗಳು ಸುದ್ದಿಯಷ್ಟೇ ಸಿಗುತ್ತಿತ್ತು. ಒಂದು ಶನಿವಾರ ರುದ್ರಮ್ಮ ಮಸಾಲೆ ದೋಸೆ ಕಟ್ಟಿಸಿಕೊಂಡು ಬಸ್ಸು ಹತ್ತಿದಳು. ಊರಲ್ಲಿಳಿದು ನೇರ ಬೋರಣ್ಣನ ಮನೆಯ ಮುಂಬಾಗಿಲಿಗೆ ಹೋದಳು. ಕದ ತಟ್ಟಿದಳು. ಬಾಗಿಲು ತೆರೆದವನು ಬೋರಣ್ಣನೇ. ಆ ಹೊತ್ತಿಗೆ ಹೊಲಗಳೆಲ್ಲ ಸೈಟುಗಳಾಗಿ ಹೋಗಿದ್ದವು, ಅವನೂ ಬಾಗಿದ್ದ.

ಅವನು ಎಣ್ಣೆ ಹತ್ತಿದ ಪೇಪರ್ ಪೊಟ್ಟಣ ನೋಡಿದ. ಶ್ರೀನಿಧಿ ಭವನದ ಮೇಜು ಅವನಿಗೆ ನೆನಪಾಯಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

"ರೂಮಲ್ಲವ್ಳೆ," ಎಂದು ಪಕ್ಕಕ್ಕೆ ಸರಿದ. "ಎರಡು ದಿನದಿಂದ ಏನೂ ತಿಂದಿಲ್ಲ. ನೀನಾದ್ರೂ ಹೇಳು."

ರುದ್ರಮ್ಮ ಹೊಸ್ತಿಲು ದಾಟಿ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಲಕ್ಷ್ಮಮ್ಮ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು. "ಮೆತ್ತಗಾಗೋಗದೆ. ಇದೇನು ದೋಸೆನಾ, ಒದ್ದೆ ಬಟ್ಟೆನಾ?"

"ಹಂಗಾರೆ ಬಿಡಿ."

"ಬಿಡಾಕೇನು, ತಿಂತೀನಿ," ಎನ್ನುತ್ತಾ ಪೂರ್ತಿ ತಿಂದಳು.

ಮುಂದಿನ ತಿಂಗಳಿಂದ ಬೋರಣ್ಣ ಆಟೋ ತರಿಸತೊಡಗಿದ. ಹಿಂದೆ ಇಬ್ಬರು ಹೆಂಗಸರು, ಡ್ರೈವರ್ ಪಕ್ಕದಲ್ಲಿ ಅವನು. ಹೋಟೆಲಿನಲ್ಲಿ ಲಕ್ಷ್ಮಮ್ಮನ ಒಂದು ತೋಳು ರುದ್ರಮ್ಮ ಹಿಡಿದರೆ ಇನ್ನೊಂದನ್ನು ಅವನು ಹಿಡಿದು ಕೂರಿಸುತ್ತಿದ್ದ. ಆಮೇಲೆ ತಾನು ಕ್ಯಾಷಿಯರ್ ಹತ್ತಿರ ನಿಂತು ಕಾಫಿ ಕುಡಿಯುತ್ತಿದ್ದ. ಒಂದು ಶನಿವಾರ ಲಕ್ಷ್ಮಮ್ಮನಿಗೆ ರೇಗಿತು.

"ಅಲ್ಲೇನು ಕಂಬದಂಗೆ ನಿಂತಿದ್ದೀರಿ? ಬಂದು ಕೂತ್ಕೊಳಿ, ನಿಮಗೂ ಹೇಳಿದೀನಿ."

ಬೋರಣ್ಣ ಬಂದು ಕೂತ. ರುದ್ರಮ್ಮ ಎದ್ದು ನಿಲ್ಲಲಿಲ್ಲ; ಚಟ್ನಿಯ ಬಟ್ಟಲನ್ನು ಅವನ ಕಡೆ ತಳ್ಳಿದಳು. ಅವನು ಬಡಿಸಿಕೊಂಡ.