ಎಡಗೈಯ ಮುಟಗಿ

ಪಿಂಚಣಿ ಜಮೆಯಾದ ದಿನವೇ ನಿಜಗುಣಪ್ಪ ಅದನ್ನು ಖರ್ಚು ಮಾಡಿ ಮುಗಿಸುತ್ತಿದ್ದ. ದುಂದುಗಾರನಲ್ಲ. ಕೈಯಲ್ಲಿದ್ದ ದುಡ್ಡು ಕರಗುತ್ತದೆ, ಡಬ್ಬಿಯಲ್ಲಿದ್ದ ಬೇಳೆ ಕರಗುವುದಿಲ್ಲ ಎಂಬುದು ಎರಡು ವರ್ಷದಲ್ಲಿ ಅವನು ಕಲಿತ ಪಾಠ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಬಲಗೈ ಮೊಣಕೈಯವರೆಗೆ ಹೋದ ಮೇಲೆ ಸರಕಾರದಿಂದ ತಿಂಗಳಿಗೆ ಸಾವಿರದ ನಾನೂರು ಬರುತ್ತಿತ್ತು. ಹೆಂಡತಿ ಇಂದ್ರವ್ವ ಕಳೆ ತೆಗೆಯಲು ಹೋದರೆ ಕೂಲಿ, ಮನೆಯಲ್ಲಿ ಕುಳಿತ ದಿನ ರೊಟ್ಟಿ ಬಡಿದು ಮಾರಿದ್ದು. ದೇಗಾಂವದ ಆ ಎರಡು ಕೋಣೆಯ ಮನೆ ಇದರಲ್ಲೇ ನಡೆಯಬೇಕಿತ್ತು.

ಇದರ ಮೇಲೊಂದು ಸಾಲ. ಹೊರಗಿನದಲ್ಲ, ಅಕ್ಕನದು. ಆಸ್ಪತ್ರೆಯ ಬಿಲ್ಲು ಕಟ್ಟಲು ಸಾಲಹಳ್ಳಿಯ ರಾಚವ್ವ ತನ್ನ ಬೋರಮಾಳ ಸರವನ್ನು ರಾಮದುರ್ಗದ ಬ್ಯಾಂಕಿನಲ್ಲಿ ಒತ್ತೆ ಇಟ್ಟು ದುಡ್ಡು ತಂದುಕೊಟ್ಟಿದ್ದಳು. ಈಗ ಬ್ಯಾಂಕಿನಿಂದ ಪತ್ರ ಬಂದಿತ್ತು. ನವೆಂಬರ್ ಇಪ್ಪತ್ತೊಂಬತ್ತರೊಳಗೆ ಬಡ್ಡಿ ನಾಲ್ಕು ಸಾವಿರದ ಆರು ನೂರು ಕಟ್ಟಿದರೆ ಇನ್ನೊಂದು ವರ್ಷ ಗಡುವು. ಇಲ್ಲದಿದ್ದರೆ ಸರ ಹರಾಜು. ಗಂಡ ತೀರಿಕೊಂಡ ಮೇಲೆ ಆ ಸರದ ಹೊರತು ರಾಚವ್ವನ ಹತ್ತಿರ ಗುಂಜಿ ಬಂಗಾರವೂ ಉಳಿದಿರಲಿಲ್ಲ. ಅವಳು ಕೇಳಲಿಲ್ಲ. ಪತ್ರದ ಫೋಟೋ ಮಾತ್ರ ಕಳಿಸಿದಳು. ಕೇಳಿದ್ದರೇ ಚೆನ್ನಾಗಿತ್ತು ಎಂದು ನಿಜಗುಣಪ್ಪನಿಗೆ ಅನಿಸಿತು.

ಗಂಡಹೆಂಡತಿ ಎರಡೂವರೆ ಸಾವಿರ ಕೂಡಿಸಿದ್ದರು. ಉಳಿದ ಎರಡು ಸಾವಿರದ ನೂರಕ್ಕೆ ದಾರಿ ತಾನಾಗಿ ಬಂತು. ಕಿತ್ತೂರಿನಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದ ಸೋಮವ್ವ, ಗೃಹಪ್ರವೇಶವೊಂದಕ್ಕೆ ಮುನ್ನೂರು ರೊಟ್ಟಿ ಹೇಳಿದಳು. ರೊಟ್ಟಿಗೆ ಏಳು ರೂಪಾಯಿ. ಮನೆಯಲ್ಲಿ ಹಿಟ್ಟು ಇತ್ತು. ಲೆಕ್ಕ ಕೂಡಿಬಂದಿತ್ತು.

ಸೋಮವಾರ ಬೆಳಿಗ್ಗೆ ಇಂದ್ರವ್ವ ಕುದಿಯುವ ಎಸರು ಹೊಯ್ದು ಹಿಟ್ಟು ನಾದಿ ಮೊದಲ ರೊಟ್ಟಿ ಬಡಿದಳು. ಅಂಗೈಯಗಲ ಆಗುವಷ್ಟರಲ್ಲೇ ಅಂಚು ಬಿರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ನಡುವೆ ಹರಿಯಿತು. ಅವಳು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದು ಯಾವಾಗ ಬೀಸಿಸಿದ್ದು?"

"ಪಿಂಚಣಿ ಬಂದ ದಿನ. ಅಕ್ಬರಸಾಬನ ಟ್ರ್ಯಾಕ್ಟರ್ ಗಿರಣಿ ಕಡೆ ಹೊಂಟಿತ್ತು. ಆಟೋ ಚಾರ್ಜ ಉಳೀತದ ಅಂತ ಮೂವತ್ತು ಕಿಲೋ ಒಮ್ಮಿಗೇ ಬೀಸಿಸಿದೆ."

"ಮೂವತ್ತೂ?" ಇಂದ್ರವ್ವ ಕೈ ಝಾಡಿಸಿದಳು. "ಜ್ವಾಳದ ಹಿಟ್ಟು ಅಂದ್ರ ಸಿಮೆಂಟ್ ಅಂತ ತಿಳಕೊಂಡೀರೇನು, ಚೀಲ ಕಟ್ಟಿ ಇಡಾಕ? ಮೂರು ವಾರದಾಗ ಅಂಟು, ಜಿಗಿ ಎಲ್ಲಿ ಉಳೀತದ! ನಾ ಕಳೆ ತಗ್ಯಾಕ ಹೋದ ದಿನಾನ ನಿಮಗ ಶ್ಯಾಣ್ಯಾತನ ಬರಬೇಕಿತ್ತು."

ನಿಜಗುಣಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೊಸ ಜೋಳ ಕೊಂಡು ಬೀಸಿಸಲು ಬಡ್ಡಿಯ ದುಡ್ಡನ್ನೇ ಒಡೆಯಬೇಕು. ಒಡೆದರೆ ಮತ್ತೆ ಅಷ್ಟೇ ಕಡಿಮೆ. ಹತ್ತು ಗಂಟೆಗೆ ಸೋಮವ್ವ ಬಂದು ಬುಟ್ಟಿಯಲ್ಲಿದ್ದ ನಲವತ್ತು ರೊಟ್ಟಿ ನೋಡಿದಳು. ಒಂದನ್ನು ಎತ್ತಿದಳು, ಅದು ಅವಳ ಕೈಯಲ್ಲೇ ಎರಡಾಯಿತು.

"ತಂಗಿ, ಮಂದಿ ಮನಿ ಊಟದಾಗ ಚೂರು ಬಡಸಾಕ ಆಗೂದಿಲ್ಲವಾ. ಬ್ಯಾಸರ ಮಾಡ್ಕೋಬ್ಯಾಡ," ಎಂದು ಬೇರೆ ಮನೆ ಹುಡುಕಲು ಹೋದಳು.

ಹದಿನೆಂಟು ಕಿಲೋ ಹಿಟ್ಟು ಮನೆಯಲ್ಲಿ ಉಳಿಯಿತು. ಮಧ್ಯಾಹ್ನ ಇಂದ್ರವ್ವ ಸಿಟ್ಟಿನಲ್ಲೇ ಬೆರಳುದಪ್ಪದ ರೊಟ್ಟಿ ತಟ್ಟಿದಳು, ದಪ್ಪಗಿದ್ದರೆ ಬಿರಿಯಲಿಲ್ಲ. ಅರೆಬೆಂದ ಅದನ್ನು ಗಂಡನ ತಾಟಿಗೆ ಒಗೆದು ಹಿತ್ತಲಿಗೆ ಹೋದಳು. ಅಂಥ ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿಯುವುದು ನಿಜಗುಣಪ್ಪನಿಂದ ಆಗದು. ಸ್ವಲ್ಪ ಹೊತ್ತು ನೋಡಿ ಅದನ್ನು ಒರಳಿಗೆ ಹಾಕಿದ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ. ಮೇಲೊಂದಿಷ್ಟು ಎಣ್ಣೆ. ಬಿಸಿಯಿರುವಾಗಲೇ ಎಡಗೈಯ ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಒತ್ತಿದ. ಮುಟಗಿ ಆಯಿತು. ಅವನ ಅವ್ವ ಹೊಲಕ್ಕೆ ಕಟ್ಟಿಕೊಡುತ್ತಿದ್ದದ್ದೂ ಇದನ್ನೇ.

ಟ್ರ್ಯಾಕ್ಟರಿಗೆ ನೀರು ಕೇಳಲು ಬಂದ ಅಕ್ಬರಸಾಬ ವಾಸನೆಗೆ ಹೊಸ್ತಿಲಲ್ಲೇ ಕುಳಿತ. ಅವನು ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬು ಸಾಗಿಸುವವನು. ಅರ್ಧ ತಿಂದು ಹೇಳಿದ:

"ನಿಜಗುಣಣ್ಣಾ, ಕಾರ್ಖಾನಿ ಮುಂದ ಗಾಡಿ ಪಾಳಿಯೊಳಗ ನಾವು ಒಂದೊಂದು ಸಲ ಹದಿನಾಲ್ಕು ತಾಸು ನಿಂದರತೇವಿ. ತಿನ್ನಾಕ ವಡಾಪಾವ್, ಚಾ. ಸಂಜಿಗೆ ಹೊಟ್ಟಿ ಸುಡ್ತದ. ಇದನ್ನ ಅಲ್ಲಿ ತಂದ್ರ ಇಪ್ಪತ್ತು ರೂಪಾಯಿ ಕೊಡಾಕ ಯಾರೂ ಹಿಂದ ಮುಂದ ನೋಡೂದಿಲ್ಲ."

"ಎಡಗೈ ಐತೋ ಸಾಬಾ. ಎಡಗೈಲೆ ಮಾಡಿದ್ದು ಯಾರು ತಿಂತಾರ?"

"ನಾ ಈಗ ಏನು ತಿನ್ನಾಕ ಹತ್ತೇನಿ? ಮಣ್ಣೇನು?"

ಮರುದಿನ ಅಕ್ಬರಸಾಬನ ಟ್ರ್ಯಾಕ್ಟರಿನಲ್ಲೇ ಒರಳು, ಹಂಚು, ಕಟ್ಟಿಗೆ ಹೋದವು. ಕಬ್ಬಿನ ಗಾಡಿಗಳ ಸಾಲಿನ ಪಕ್ಕ, ಜಾಲಿಯ ನೆರಳಲ್ಲಿ ಇಂದ್ರವ್ವ ಮೂರು ಕಲ್ಲು ಹೂಡಿದಳು. "ನಾ ಕಟ್ಟತೇನಿ, ನೀವು ಕುಟ್ರಿ ಸಾಕು. ಮಂದಿ ಕಣ್ಣಿಗೆ ಬೀಳೂದು ಬ್ಯಾಡ," ಎಂದಳು. ಆದರೆ ರೊಟ್ಟಿ ಸುಡುವವಳಿಗೆ ಅದನ್ನು ಬಿಸಿಯಲ್ಲೇ ಕಟ್ಟಲು ಪುರಸೊತ್ತು ಎಲ್ಲಿ? ಮೂರನೆಯ ರೊಟ್ಟಿಗೆ ನಿಜಗುಣಪ್ಪ ತಾನೇ ಕಟ್ಟತೊಡಗಿದ. ಸುತ್ತ ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ ಮೀಸೆಯವನು ಮೂಗು ಮುರಿದ.

"ಏನ್ರೀ ಯಜಮಾನ್ರ, ಎಡಗೈಲೆ ಉಂಡಿ ಕಟ್ಟಿ ಊರಿಗೆಲ್ಲಾ ಉಣಸಾಕ ಹೊಂಟೀರಿ?"

ಕೊಳ್ಳಲು ಚಾಚಿದ್ದ ಎರಡು ಕೈ ಹಿಂದೆ ಸರಿದವು. ಇಂದ್ರವ್ವ ಸೌಟು ಹಿಡಿದೇ ಎದ್ದಳು. ನಿಜಗುಣಪ್ಪ ಅವಳನ್ನು ಕಣ್ಣಲ್ಲೇ ತಡೆದು, ಹೆಗಲ ಮೇಲಿನ ಟವೆಲ್ ಸರಿಸಿ ಮೊಂಡುಗೈ ತೋರಿಸಿದ. ಎರಡು ವರ್ಷ ಅದನ್ನು ಯಾರ ಮುಂದೆಯೂ ತೆರೆದಿರಲಿಲ್ಲ.

"ಬಲಗೈ ಮೇವಿನ ಮಷಿನ್ ಉಂಡು ಬಿಟ್ಟೈತ್ರಿ. ಉಣ್ಣಾಕ, ದುಡ್ಯಾಕ, ದೇವರಿಗೆ ಕೈ ಮುಗ್ಯಾಕ ನನಗ ಉಳಿದದ್ದು ಇದೊಂದ. ಒತ್ತಾಯ ಇಲ್ಲ, ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ. ಆದ್ರ ಹೊಲಸು ಅನ್ನಬ್ಯಾಡ್ರಿ, ಎರಡು ಸಲ ಸಬಕಾರ ಹಚ್ಚಿ ತೊಳದೇನಿ."

ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕ ಗಾಡಿಯವ ಬಂದು ಇಪ್ಪತ್ತರ ನೋಟು ಇಟ್ಟು ಒಂದು ಮುಟಗಿ ತೆಗೆದುಕೊಂಡ. ಅಲ್ಲೇ ನಿಂತು ನಿಧಾನ ಅಗಿದ.

"ಎಡಗೈಯ ಹದನ ಹಿಂಗಾದ್ರ, ಬಲಗೈ ಇದ್ದಾಗ ಹೆಂಗ ಮಾಡತಿದ್ದಿ ತಮ್ಮಾ?"

"ಬಲಗೈ ಇದ್ದಾಗ ಇವರಿಗೆ ಅಡಗಿಮನಿ ಯಾವ ದಿಕ್ಕಿಗೈತಿ ಅನ್ನೂದ ಗೊತ್ತಿರಲಿಲ್ರಿ ಅಜ್ಜಾರ," ಎಂದಳು ಇಂದ್ರವ್ವ.

ನಗು ಎದ್ದಿತು. ಹಿಂದೆ ಸರಿದ ಕೈಗಳು ಮತ್ತೆ ಮುಂದೆ ಬಂದವು. ಮೀಸೆಯವನು ಆ ದಿನ ಕೊಳ್ಳಲಿಲ್ಲ. ಮೂರನೆಯ ದಿನ ಮಾತಿಲ್ಲದೆ ಎರಡು ಕಟ್ಟಿಸಿಕೊಂಡು ಹೋದ.

ಮೊದಲ ದಿನ ಇಪ್ಪತ್ತೆಂಟು ಹೋದವು, ಎರಡನೆಯ ದಿನ ನಲವತ್ತು. ಮೂರನೆಯ ದಿನ ಮಳೆ ಹನಿದು ಪಾಳಿ ಚದುರಿತು, ಹತ್ತೂ ಹೋಗಲಿಲ್ಲ. ಅಂದು ಇಬ್ಬರೂ ಬೇಗನೆ ಮನೆಗೆ ಬಂದರು. ನಾಲ್ಕನೆಯ ದಿನ ಹೊತ್ತು ಮುಳುಗುವ ಮುನ್ನ ಹಿಟ್ಟಿನ ಚೀಲ ಖಾಲಿ. ಎಣ್ಣೆ, ಬೆಳ್ಳುಳ್ಳಿಯದು ಕಳೆದು ಎರಡು ಸಾವಿರದ ನೂರ ಎಂಬತ್ತು ಉಳಿದಿತ್ತು. ಎಂಬತ್ತರಲ್ಲಿ ನಿಜಗುಣಪ್ಪ ಜೋಳ ತಂದ. ಒಂದು ದಿನಕ್ಕೆ ಆಗುವಷ್ಟು ಮಾತ್ರ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಇಂದ್ರವ್ವ ದುಡ್ಡನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ರಾಮದುರ್ಗದ ಬಸ್ಸು ಹತ್ತಿದಳು. ಹೆಂಗಸರಿಗೆ ಟಿಕೆಟ್ಟಿಲ್ಲದ್ದರಿಂದ ಹೋಗುವವಳು ಅವಳೇ ಆಗಬೇಕಿತ್ತು. ಪಾಳಿಯ ಬದಿಯಲ್ಲಿ ಅಂದು ಅಕ್ಬರಸಾಬನ ಹೆಂಡತಿ ಶಾಹಜಾನಬಿ ಹಂಚಿನ ಮುಂದೆ ಕುಳಿತಳು. ಮಧ್ಯಾಹ್ನ ಒಂದರ ಹೊತ್ತಿಗೆ ಫೋನು ಬಂತು. ನಿಜಗುಣಪ್ಪನ ಕೈ ಒರಳಿನೊಳಗಿತ್ತು. ಅಕ್ಬರಸಾಬ ಫೋನನ್ನು ಅವನ ಕಿವಿಗೆ ಹಿಡಿದ.

ರಾಚವ್ವನ ದನಿ. "ಕಟ್ಟಿದಿವೋ ತಮ್ಮಾ. ಇನ್ನೊಂದು ವರ್ಷ ಯಾರೂ ಮುಟ್ಟೂದಿಲ್ಲಂತ. ರಸೀದಿ ಕೈಯಾಗೈತಿ."

"ಸರ ಬಿಡಿಸಿ ಕೊಡೂದು ಇನ್ನೂ ಆಗಲಿಲ್ಲಕ್ಕಾ."

"ನಾ ಈಗ ಯಾವ ಮದವಿಗೆ ಹೊಂಟೇನಿ ಹಾಕ್ಕೊಂಡು? ಇಂದ್ರವ್ವ ಎಲ್ಲಾ ಹೇಳಿದ್ಲು. ಮಂದಿ ಮುಂದ ಕೈ ತಗದು ತೋರಿಸಿದೆಂತ. ಚಲೋ ಮಾಡಿದಿ. ತಿಂಗಳಿಗೆ ಎಷ್ಟು ಆಗತದ ಅಷ್ಟು ಅಸಲು ಕಟ್ಟು. ಅವಸರಿಲ್ಲ."

ಅವನು ಏನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಸಾಲು ಮುಂದೆ ಸರಿಯತೊಡಗಿ, ಯಾವನೋ ಟ್ರ್ಯಾಕ್ಟರಿನ ಮೇಲಿಂದ ಕೂಗಿದ:

"ಲಗೂ ಕೊಡ್ರೀ ಯಜಮಾನ್ರ, ನಮ್ಮ ಗಾಡಿ ಹೊಂಟಿತು!"

"ಹೊಂಟ್ರ ಹೋಗಲಿ, ಗಾಡಿ ತೂಗೂ ಕಾಟಾದ ಹತ್ತಿರ ಸಿಗ್ತೀಯಲ್ಲಾ," ಎಂದ ನಿಜಗುಣಪ್ಪ, ಬಿಸಿ ಮುಟಗಿಯನ್ನು ಇನ್ನೊಮ್ಮೆ ಒತ್ತುತ್ತ.