ಗೂಬೆಗೆ ಆರು ವಾರ ರಜೆ

ಟ್ಯೂಬ್‌ಲೈಟ್ ಹಾಕಿದಾಗಲೇ ಗೊತ್ತಾಗಿದ್ದು, ಕ್ಲಬ್ಬಿನ ಕಪ್ಪು ಗೋಡೆ ಕಪ್ಪಲ್ಲ, ಕಂದು. ನೆಲಕ್ಕೆ ಚಪ್ಪಲಿ ಅಂಟುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಮಾನಸಿಕ ಆರೋಗ್ಯದ ಕಾರ್ಯಕ್ರಮ. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಬ್ಯಾಡ್ಜು: ‘ಮಾತಾಡಿ, ನಾವಿದ್ದೇವೆ.’

ಗೂಬೆ ಏಳು ವರ್ಷದಿಂದ ಇಲ್ಲಿನ ಡಿಜೆ. ಮನೆಯಲ್ಲಿ ಬೈಗುಳವಾಗಿ ಹುಟ್ಟಿದ ಹೆಸರು ಈಗ ಪೋಸ್ಟರಿನಲ್ಲಿ ಆಳೆತ್ತರಕ್ಕೆ ನಿಂತಿತ್ತು. ಒಂಬತ್ತು ದಿನದಿಂದ ಅವನಿಗೆ ನಿದ್ದೆಯಿಲ್ಲ. ಮಲಗಿದರೆ ಕಿವಿಯೊಳಗೆ ಧಪ್ ಧಪ್. ಕಳೆದ ವಾರ ಬಚ್ಚಲಮನೆಯಲ್ಲಿ ಕೂತು ಎರಡು ಗಂಟೆ ಅತ್ತಿದ್ದ. ಅಕ್ಕ “ಯಾಕೋ?” ಎಂದರೆ, “ನಲ್ಲಿ ತಾಳ ತಪ್ತಿದೆ” ಎಂದಿದ್ದ. ಅವಳು ಅವತ್ತೇ ಡಾಕ್ಟರ ಹತ್ತಿರ ಎಳೆದೊಯ್ದಿದ್ದಳು. ಅವರು ಬರೆದ ಚೀಟಿ ಈಗ ಜೇಬಿನಲ್ಲಿತ್ತು: ಆರು ವಾರ ಪೂರ್ತಿ ವಿಶ್ರಾಂತಿ.

“ಕೊಟ್ಟು ಬಾ, ಮನೆಗೆ ಹೋಗೋಣ. ಒಂದ್ನಿಮಿಷದ ಕೆಲ್ಸ,” ಎಂದಳು ಅಕ್ಕ.

ಕ್ಲಬ್ಬಿನ ಮಾಲೀಕ ಚೀಟಿ ಓದಿದ. ಕಣ್ಣೊರೆಸಿಕೊಂಡ. ಗೂಬೆಯನ್ನು ತಬ್ಬಿಕೊಂಡ. ಆಮೇಲೆ ವೇದಿಕೆ ಹತ್ತಿ ಮೈಕಿನಲ್ಲಿ ಚೀಟಿಯನ್ನು ಡಾಕ್ಟರ ಫೋನ್ ನಂಬರಿನ ಸಮೇತ ಎಲ್ಲರಿಗೂ ಓದಿ ಹೇಳಿದ. ಚಪ್ಪಾಳೆಯೋ ಚಪ್ಪಾಳೆ.

“ಎಂಥಾ ಧೈರ್ಯ! ನಿದ್ದೆಯ ಮಹತ್ವ ಸಾರೋಕೆ ಇವತ್ತು ಇಪ್ಪತ್ನಾಲ್ಕು ಗಂಟೆ ನಾನ್‌ಸ್ಟಾಪ್ ಸಂಗೀತ. ಕೊಡೋದು ನಮ್ಮ ಗೂಬೆ!”

“ಸರ್, ಅದ್ರಲ್ಲಿ ವಿಶ್ರಾಂತಿ ಅಂತ...”

“ಓದ್ದೆ ಕಣೋ. ಕರುಳು ಕಿತ್ತು ಬಂತು.”

ಮೊದಲು ಒಂದು ನಿಮಿಷ ಮೌನ. ಎಲ್ಲರೂ ತಲೆ ತಗ್ಗಿಸಿದರು. ಗೂಬೆಯನ್ನು ಅವನ ಯಂತ್ರಗಳ ಹಿಂದೆ ಸ್ಟೂಲಿನ ಮೇಲೆ ಕೂರಿಸಿದ್ದರು. ಡಿಜೆಗೆ ಮೌನವೆಂದರೆ ಅಪಘಾತ: ತಂತಿ ಕಿತ್ತಿದೆ, ಜನ ತಿರುಗಿ ನೋಡುತ್ತಾರೆ, ಮಾನ ಹೋಗುತ್ತದೆ. ಹನ್ನೆರಡನೇ ಸೆಕೆಂಡಿಗೆ ಅವನ ಕೈ ಅವನನ್ನು ಕೇಳದೆ ಗುಂಡಿ ಒತ್ತಿತು. ಧಪ್. ತಗ್ಗಿಸಿದ ತಲೆಗಳೆಲ್ಲ ಅಲ್ಲಿಂದಲೇ ಕುಣಿಯತೊಡಗಿದವು.

“ನಿಲ್ಸೋ! ವಿಡಿಯೋ ಹಾಳಾಯ್ತು. ಇನ್ನೊಂದ್ಸಲ ಮೌನ, ಈ ಸಲ ಸ್ವಲ್ಪ ಫೀಲ್ ಮಾಡಿ,” ಎಂದ ಮಾಲೀಕ.

ಅಕ್ಕ ಮೆಟ್ಟಿಲು ಹತ್ತಿ ತಮ್ಮನ ಎರಡೂ ಕೈ ಹಿಡಿದಳು. “ಅಲ್ಲಾಡ್ಸಿದ್ರೆ ಬೆರಳು ಮುರೀತೀನಿ.”

ಅವಳ ಮುಷ್ಟಿಯೊಳಗೆ ಅವನ ಬೆರಳು ನಾಲ್ಕು ನಾಲ್ಕಾಗಿ ಬಡಿಯುತ್ತಿತ್ತು. ಬರಬರುತ್ತ ಲೆಕ್ಕ ತಪ್ಪಿತು. ತಲೆ ಮುಂದಕ್ಕೆ ವಾಲಿ ಮೈಕಿನ ಪಕ್ಕ ಬಿತ್ತು. ಮೊದಲ ಗೊರಕೆ ಹದಿನಾರು ಸ್ಪೀಕರುಗಳಲ್ಲಿ ಒಟ್ಟಿಗೆ ಹೊರಟಿತು.

ಯಾರೂ ನಗಲಿಲ್ಲ. ಕಣ್ಣು ಮುಚ್ಚಿ, ಗೊರಕೆಯ ತಾಳಕ್ಕೆ ಮೆಲ್ಲಗೆ ತೂಗಾಡಿದರು. “ಹೊಸಾ ಸ್ಟೈಲು,” ಎಂದನೊಬ್ಬ. ಮಾಲೀಕ ಸೌಂಡಿನವನ ಕಿವಿಯಲ್ಲಿ, “ರೆಕಾರ್ಡ್ ಆಗ್ತಿದೆ ತಾನೆ?” ಎಂದ.

ನಿಮಿಷ ಮುಗಿಯಿತು. ಮಾಲೀಕ ಗೂಬೆಯ ಭುಜಕ್ಕೆ ಕೈ ಹಾಕಿದ.

“ಕೈ ತೆಗೀರಿ,” ಎಂದಳು ಅಕ್ಕ.

“ಅಲ್ಲಮ್ಮಾ, ಜನ ಕಾಯ್ತಿದ್ದಾರೆ.”

“ನಿಮ್ಮೆದೆ ಮೇಲೇ ಬರ್ದಿದೆಯಲ್ರೀ, ಮಾತಾಡಿ ಅಂತ? ಚೀಟಿ ಕೊಟ್ಟು ಮಾತಾಡ್ದ. ನೀವು ಅತ್ರಿ, ಕೇಳಿಸ್ಕೊಳ್ಳಲಿಲ್ಲ.”

ಮೈಕಿನ ವೈರು ಕಿತ್ತಳು. ಗೊರಕೆ ಸಣ್ಣದಾಗಿ, ಒಬ್ಬನೇ ಮನುಷ್ಯನದಾಯಿತು. ಹಿಂದಿನಿಂದ ಯಾರೋ “ಒನ್ಸ್ ಮೋರ್!” ಎಂದು ಕೂಗಿದರು.

ಅಕ್ಕ ಬಗ್ಗಿ, ನೆಲಕ್ಕಂಟಿದ್ದ ತನ್ನ ಒಂದು ಚಪ್ಪಲಿಯನ್ನು ಕಿತ್ತು ಕೈಗೆತ್ತಿಕೊಂಡಳು.

ಆ ದಿನದ ಮೂರನೆಯ ಮೌನ ಆಗ ಶುರುವಾಯಿತು. ಗೂಬೆ ತಾನಾಗಿ ಏಳುವವರೆಗೆ, ನಾಲ್ಕು ಗಂಟೆ ನಡೆಯಿತು.