ಬೂಟು ಬಿಚ್ಚಿ ಬನ್ನಿ

"ಆ ರಬ್ಬರ್ ಹಾಸನ್ನ ಯಾಕೆ ಎಳೀತಿದೀಯ? ಬಿಡು," ಎಂದ ಅಣ್ಣ, ಬಾಗಿಲಲ್ಲೇ ನಿಂತು.

ತಂಗಿ ಬಿಡಲಿಲ್ಲ. ಅವನೇ ಬಂದು ಕಿತ್ತುಕೊಂಡು ಹಾಸನ್ನು ಮತ್ತೆ ಸರಿಪಡಿಸಿದ. ಬೆಳಿಗ್ಗೆಯಿಂದ ಶೆಡ್ಡಿನ ನೆಲ ಗುಡಿಸಿ ಒರೆಸಿದರೂ ಅವನಿಗೆ ಸಾಕಾಗಿರಲಿಲ್ಲ. ಮರಳಿನ ಕಣವೊಂದೂ ಉಳಿಯಕೂಡದು. ಹಾಸಿನ ಮೇಲೆ ಕೋಣೆಯಗಲದ ತೆಳು ವಿದ್ಯುತ್ ಪರದೆ. ಚಾಪೆಯಂತೆ ಸುತ್ತಿ ಒಬ್ಬರೇ ಹೆಗಲ ಮೇಲೆ ಹೊರಬಹುದು. ಬಿಡಿಸಿದರೆ ಇಡೀ ಊರಿನ ನಕ್ಷೆ ಬೆಳಗುತ್ತದೆ. ಬೆಂಕಿ ಬಿದ್ದಲ್ಲಿ ಹಾಸಿಕೊಂಡು ದಾರಿ ನೋಡಲೆಂದು ಅಗ್ನಿಶಾಮಕ ದಳಕ್ಕಾಗಿ ಇಬ್ಬರೂ ಸೇರಿ ಮಾಡಿದ್ದು. ವಿದ್ಯುತ್ತಿನ ಕೆಲಸ ಅವನದು; ಸಣ್ಣ ಹಾಳೆಗಳನ್ನು ಅಂಟಿಸಿ ಒಂದು ಮಾಡುವುದು ಅವಳದು.

ಅಂಟು ಒಣಗಿದ ಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಸವರುವುದು ಅವಳ ರೂಢಿ. ಕೈಗೆ ಗೆರೆ ಸಿಕ್ಕಬಾರದು. ಹೋದ ವಾರ ಸಿಕ್ಕಿರಲಿಲ್ಲ. ಆದರೂ ಅಂಗಳದ ಜಲ್ಲಿಯ ಮೇಲೆ ಹಾಸಿ ತುಳಿದಾಗ ಅಂಟಿಸಿದ ಜಾಗ ಬಿರಿದಿತ್ತು. ಅಂಟನ್ನೇ ಬದಲಿಸಬೇಕೆಂದು ಅವಳು ಹೇಳಿದ್ದಳು. ಅಣ್ಣ ಬಿರಿದ ಹಾಳೆಯನ್ನಷ್ಟೇ ಬದಲಿಸಲು ಹೇಳಿ, ತೋರಿಸುವಾಗ ಮತ್ತೆ ಬಿರಿಯದಿರಲೆಂದು ಅಡಿಗೆ ಹಾಕಲು ಈ ರಬ್ಬರ್ ಹಾಸು ಕೊಂಡು ತಂದಿದ್ದ.

"ಮೊದಲು ದಳದವರು ನೋಡಿ ಒಪ್ಪಲಿ. ಆಮೇಲೆ ಸರಿಮಾಡೋಣ."

"ಆಮೇಲೆ ಅಂದ್ರೆ? ಯಾರ ಮನೆ ಹೊತ್ತಿ ಉರಿದ ಮೇಲೆ?"

ಹೊರಗೆ ಜೀಪು ಬಂದು ನಿಂತಿತು.

ದಳದ ಅಧಿಕಾರಿ ದಪ್ಪ ಬೂಟಿನಲ್ಲಿ ಬಂದರು. ಅಣ್ಣ ಕೈಮುಗಿದು, ಒಳಗೆ ಧೂಳಾಗಬಾರದು ನೋಡಿ ಎಂದು ನಗುತ್ತಾ ಬೂಟು ಬಿಚ್ಚಿಸಿದ. ತಂಗಿಗೆ ಬಾಯಿ ಕೊಡುವುದನ್ನು ದೇವರು ಮರೆತಿದ್ದಾನೆ, ಏನಿದ್ದರೂ ನನ್ನನ್ನೇ ಕೇಳಿ ಎಂದ. ಅಧಿಕಾರಿ ಕಾಲುಚೀಲದಲ್ಲಿ ನಕ್ಷೆಯ ಬೀದಿಗಳ ಮೇಲೆ ಓಡಾಡಿ ತಲೆದೂಗಿದರು.

"ಎಲ್ಲಿ ಬೇಕಾದ್ರೂ ಹಾಸ್ಬಹುದು ಸಾರ್," ಎಂದ ಅಣ್ಣ. "ಕಲ್ಲು, ಮುಳ್ಳು, ಏನೇ ಇರ್ಲಿ."

ಅವಳ ಕಿವಿ ಬಿಸಿಯಾಯಿತು. ಅಧಿಕಾರಿ ಪರದೆಯಿಂದ ಕೆಳಗಿಳಿದದ್ದೇ ತಡ, ಅದನ್ನು ಸರಸರನೆ ಸುತ್ತಿ ಹೆಗಲಿಗೇರಿಸಿಕೊಂಡು ಅಂಗಳಕ್ಕೆ ನಡೆದಳು. ಹಿಂದೆಯೇ ಬಂದ ಅಣ್ಣ ಅವಳ ತೋಳು ಹಿಡಿದು, ಹಲ್ಲು ಕಚ್ಚಿ ಏನೋ ಹೇಳಿದ. ಅವಳು ಕೊಡವಿಕೊಂಡಳು. ಜಲ್ಲಿಯ ಮೇಲೆ ಪರದೆ ಬಿಡಿಸಿ ಸ್ವಿಚ್ಚು ಒತ್ತಿದಳು.

"ಬೂಟು ಹಾಕ್ಕೊಳ್ಳಿ ಸಾರ್," ಎಂದಳು. "ಹಾಕ್ಕೊಂಡು ತುಳೀರಿ."

ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, ಬಾಗಿ ಬೂಟಿನ ದಾರ ಬಿಗಿದರು. ನಾಲ್ಕು ಹೆಜ್ಜೆ ಇಟ್ಟಿರಬಹುದು. ಕಾಲಡಿಯಲ್ಲಿ ಸಣ್ಣಗೆ ಚಟ್ ಎಂದಿತು. ಊರಿನ ನಡುವೆ ಒಂದು ಕಪ್ಪು ಪಟ್ಟೆ ಎದ್ದು, ಬೀದಿಯಿಂದ ಬೀದಿಗೆ ಹರಡಿತು.

ಅಧಿಕಾರಿ ಪರದೆಯಿಂದಿಳಿದು ಹೊರಟರು. ಜೀಪು ಹೋಯಿತು. ಅಣ್ಣ ಒಳಗೆ ಹೋಗಿ ಶೆಡ್ಡಿನ ಬಾಗಿಲನ್ನು ದಢಾರನೆ ಎಳೆದುಕೊಂಡ.

ಪರದೆಯನ್ನು ಯಾರೂ ಆರಿಸಿರಲಿಲ್ಲ. ಬೆಂಕಿ ಆರಿಸುವ ವಾಹನವನ್ನು ತೋರಿಸುವ ಕೆಂಪು ಚುಕ್ಕೆ ಬೀದಿಯುದ್ದಕ್ಕೂ ಸಾಗಿ, ಕಪ್ಪು ಪಟ್ಟೆಯ ಅಂಚಿಗೆ ಬಂದು ಮಾಯವಾಗುತ್ತಿತ್ತು. ಮತ್ತೆ ಮೊದಲಿನಿಂದ ಹೊರಡುತ್ತಿತ್ತು. ಅವಳು ಜಲ್ಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.